ಅಗ್ಗದ ಹಡಗು, ಜೊತೆಗೆ ಸಿಸ್ಟರ್

ಬೇರೆಯವರು ಪ್ರವಾಸಕ್ಕೆ ಹೋದರೆ ಫೋಟೋ ತರುತ್ತಾರೆ. ನಾನೂ ನನ್ನ ಗೆಳತಿಯೂ ಹೋದರೆ ಏನಾದರೂ ಒಂದು ಆಗಿಯೇ ಆಗುತ್ತದೆ. ಹಂಪಿಗೆ ಹೋದರೆ ಅಷ್ಟು ಜನರ ನಡುವೆ ಕೋತಿ ನಮ್ಮ ಚೀಲವನ್ನೇ ಹುಡುಕಿ ಕಿತ್ತುಕೊಳ್ಳುತ್ತದೆ. ದರೋಜಿಗೆ ಕರಡಿ ನೋಡಲು ಹೋದರೆ ಅವತ್ತು ಕರಡಿಗಳೇ ರಜೆಯ ಮೇಲಿರುತ್ತವೆ. ಇಂಥ ಇಬ್ಬರು ಒಂದು ವಾರ ಹಡಗಿನಲ್ಲಿ ಹೋಗುತ್ತೇವೆ ಅಂದಾಗ ಮನೆಯವರು ಗಾಬರಿಯಾದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆಗ ನಮ್ಮ ಕಡೆ ಗಣಿಯ ಸುಗ್ಗಿ. ಹೊಸಪೇಟೆಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು. ಹಿಂದಿನ ವರ್ಷ ಸೈಕಲ್ ಮೇಲೆ ಓಡಾಡುತ್ತಿದ್ದವರ ಹೆಂಡತಿಯರು ಈ ವರ್ಷ ದೊಡ್ಡ ಕಾರಿನಲ್ಲಿ ಬಂದಿಳಿದು, ಹುಬ್ಬು ತಿದ್ದಿಸಿಕೊಳ್ಳುತ್ತಾ ದುಬೈ, ಸಿಂಗಪುರದ ಕಥೆ ಹೇಳುತ್ತಿದ್ದರು. ನಾನು 'ಹೂಂ, ಹೂಂ' ಅನ್ನುತ್ತಿದ್ದೆ. ಗೌರವದಿಂದಲ್ಲ. ಹಲ್ಲಲ್ಲಿ ದಾರ ಹಿಡಿದವಳಿಗೆ ಅದಕ್ಕಿಂತ ಹೆಚ್ಚು ಮಾತಾಡಲು ಬರುವುದಿಲ್ಲ.

ಗೆಳತಿ ಸಂಡೂರಿನಲ್ಲಿ ನರ್ಸ್. ಶಾಲೆಯಿಂದ ಜೊತೆಗಿದ್ದವಳು, ಆದರೂ ಊರೆಲ್ಲ ಕರೆಯುವುದನ್ನು ಕೇಳಿ ಕೇಳಿ ನಾನೂ ಅವಳನ್ನು ಸಿಸ್ಟರ್ ಅಂತಲೇ ಕರೆಯುತ್ತೇನೆ. ಒಂದು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ಸ್‌ನವನು ಮುಂಬಯಿಯಿಂದ ಹೊರಟು ಲಕ್ಷದ್ವೀಪ, ಕೊಚ್ಚಿ, ಗೋವಾ ಸುತ್ತಿ ಬರುವ ಹಡಗಿನ ವಿಷಯ ಹೇಳಿದ. ಮಳೆಗಾಲ ಹತ್ತಿರವಾದದ್ದರಿಂದ ಭಾಳ ಅಗ್ಗ ಅಂದ. ಅಲ್ಲಿಯವರೆಗೆ ತಿರುಪತಿ, ಶಿರಡಿ ಬಿಟ್ಟು ಬೇರೆಲ್ಲಿಗೂ ಟಿಕೆಟ್ ಕೊಟ್ಟವನಲ್ಲ. ಹಡಗಿನಲ್ಲಿ ಮಡಿ ಬಟ್ಟೆ ಕಡ್ಡಾಯವೋ ಅಂತ ಸಿಸ್ಟರ್ ಕೇಳಿದ್ದಕ್ಕೆ, ವಿಚಾರಿಸಿ ಹೇಳುತ್ತೇನೆ ಅಂದ.

ಸಮುದ್ರ ಕಾಣುವ ರೂಮು

ಆ ಪುಣ್ಯಾತ್ಮ ಒಂದು ಮಾತು ಕೊಟ್ಟಿದ್ದ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಎದುರಿಗೆ ಸಮುದ್ರ ಕಾಣುತ್ತದೆ, ಅದು ತನ್ನ ಜವಾಬ್ದಾರಿ ಅಂದಿದ್ದ.

ಹಡಗಿನಲ್ಲಿ ನಮ್ಮ ರೂಮು ಹುಡುಕಲು ಮೆಟ್ಟಿಲು ಇಳಿದೆವು, ಇಳಿದೆವು, ಇನ್ನೂ ಇಳಿದೆವು. ಇನ್ನು ಕೆಳಗೆ ಮೀನು ಮಾತ್ರ ಇರಬೇಕು ಅನ್ನುವಲ್ಲಿ ರೂಮು ಸಿಕ್ಕಿತು. ಒಂದು ಕಡೆ ಇಂಜಿನ್ ಸದ್ದು, ಇನ್ನೊಂದು ಕಡೆ ಬಟ್ಟೆ ಒಗೆಯುವ ಯಂತ್ರಗಳ ಸದ್ದು. ಆದರೂ ಗೋಡೆಯ ಮೇಲೆ ನೀಲಿ ಪರದೆ ನೋಡಿ ಜೀವ ಬಂತು. ಎಳೆದೆ. ಹಿಂದೆ ಗಾಜಿನ ಚೌಕಟ್ಟು, ಅದರೊಳಗೆ ಸಮುದ್ರದ ಚಿತ್ರ. ಎರಡು ಹಕ್ಕಿ, ಒಂದು ದೋಣಿ, ಮುಳುಗುವ ಸೂರ್ಯ. ಟ್ರಾವೆಲ್ಸ್‌ನವನು ಅಕ್ಷರಶಃ ಮಾತು ಉಳಿಸಿಕೊಂಡಿದ್ದ.

ನಾನು ಅಳುವುದೊಂದು ಬಾಕಿ. ಸಿಸ್ಟರ್ ಮಂಚದ ಮೇಲೆ ಕಾಲು ಚಾಚಿ ಆ ಚಿತ್ರವನ್ನೇ ನೋಡಿದಳು.

"ಇರ್ಲಿ ಬಿಡಲೇ. ನಿನ್ನ ಮನಿ ಕಿಟಕಿ ತೆಗದ್ರ ಏನ್ ಕಾಣ್ತೈತಿ? ಎದುರು ಮನಿ ಬಚ್ಚಲ. ಅದಕ್ಕಿಂತ ಇದು ಎಷ್ಟೋ ಮೇಲು, ವಾಸನಿನೂ ಇಲ್ಲ."

ಜೀವ ಉಳಿಸುವ ಪಾಠ

ಹಡಗು ಹೊರಡುವ ಮೊದಲು ಅಪಾಯದ ಗಂಟೆ ಹೊಡೆದು, ಎಲ್ಲರನ್ನೂ ಮೇಲೆ ಕರೆದು, ಮುಳುಗಿದರೆ ಏನು ಮಾಡಬೇಕು ಅಂತ ಕಲಿಸುತ್ತಾರೆ. ರಜೆಯನ್ನು ಇದಕ್ಕಿಂತ ಮಂಗಳಕರವಾಗಿ ಶುರು ಮಾಡಲು ಸಾಧ್ಯವಿಲ್ಲ. ಇದು ಬರೀ ತಾಲೀಮು ಅಂತ ಇಂಗ್ಲಿಷಿನಲ್ಲಿ ಸಾರಿದ್ದರು. ಇಂಜಿನ್ ಸದ್ದಿನಲ್ಲಿ ನಮಗೆ ಗಂಟೆ ಮಾತ್ರ ಕೇಳಿಸಿತು.

ಸಿಸ್ಟರ್ ಹೊಸಪೇಟೆಯಲ್ಲೇ ಹುಟ್ಟಿದವಳು, ಟಿ.ಬಿ. ಡ್ಯಾಮಿನ ನೀರು ನೋಡುತ್ತಲೇ ಬೆಳೆದವಳು. ಈಜು ಮಾತ್ರ ಬಾರದು. ನನಗೂ ಬಾರದು. ನಾನು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಉಲ್ಟಾ ಹಾಕಿಕೊಂಡು ಮನೆದೇವರನ್ನು ನೆನೆಯುತ್ತಾ ಓಡಿದೆ. ಮೇಲೆ ಹೋಗಿ ನೋಡಿದರೆ ಇವಳಿಲ್ಲ. ಇವಳ ಮನೆಯವರಿಗೆ ಏನು ಹೇಳಲಿ ಅಂತ ನಾನು ಯೋಚಿಸುತ್ತಿರುವಾಗ ಬಂದಳು. ಮೈಮೇಲೆ ಜಾಕೆಟ್ ಇಲ್ಲ. ತಲೆಯ ಮೇಲೆ ಊರಿಂದ ತಂದ ಖಡಕ್ ರೊಟ್ಟಿಯ ಗಂಟು, ಬಗಲಲ್ಲಿ ಶೇಂಗಾ ಚಟ್ನಿಯ ಡಬ್ಬಿ.

ಬಿಳಿ ಬಟ್ಟೆಯ ಅಧಿಕಾರಿ ಜಾಕೆಟ್ ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದ. ಸಿಸ್ಟರ್ ತನಗೆ ಬಂದಷ್ಟು ಹಿಂದಿಯಲ್ಲಿ, ಅದು ನೀವು ಕೊಟ್ಟಿದ್ದು, ಇದು ನಮ್ಮವ್ವ ಕೊಟ್ಟಿದ್ದು, ಯಾವುದನ್ನು ಬಿಡಲಿ ಅಂತ ಕೇಳಿದಳು. ಅವನು ನನ್ನ ಕಡೆ ನೋಡಿದ. ನನ್ನ ಜಾಕೆಟ್ ಉಲ್ಟಾ ಇತ್ತು. ಮುಂದಿನ ಪಾಠವನ್ನೆಲ್ಲ ಅವನು ನಮ್ಮಿಬ್ಬರನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾಡಿದ. ಹೇಗಿರಬಾರದು ಅಂತ ತೋರಿಸಲು ಅವನಿಗೂ ಯಾರಾದರೂ ಬೇಕಿತ್ತಲ್ಲ.

ರಜೆಯ ಮೇಲಿರುವ ನರ್ಸ್

ಲಕ್ಷದ್ವೀಪದ ದಾರಿಯಲ್ಲಿ ಸಮುದ್ರ ಎದ್ದಿತು. ಅಗ್ಗದ ದರದ ಗುಟ್ಟು ಆಗ ತಿಳಿಯಿತು. ನಾನು ಮಂಚ ಹಿಡಿದವಳು ಬಿಡಲಿಲ್ಲ. ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ ಬಂದ ಮೇಲೆ, ಏನಾದರೂ ಮಾಡೇ ಅಂತ ಸಿಸ್ಟರ್‌ಗೆ ಕೈ ಮುಗಿದೆ. ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ರಜೆ ಸಿಕ್ಕಿದೆ, ಈ ವಾರ ಯಾರ ನಾಡಿಯನ್ನೂ ಮುಟ್ಟುವುದಿಲ್ಲ ಅಂತ ದೇವರ ಮುಂದೆ ಹೇಳಿ ಬಂದಿದ್ದೇನೆ ಅಂದಳು. ನಾನು ಸತ್ತರೆ ಅಂದೆ. ಸತ್ತರೆ ನಾಡಿ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ ಅಂದಳು. ಆಮೇಲೆ ಕನಿಕರವಾಗಿ ಹಡಗಿನ ಡಾಕ್ಟರನ್ನು ಕರೆತರುತ್ತೇನೆ ಅಂತ ಹೋದಳು.

ಹೋದವಳು ಬರಲೇ ಇಲ್ಲ. ಬಹಳ ಹೊತ್ತಾದ ಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಡಿಮಿಡಿ ಮುಖದಲ್ಲಿ ಬಂದಳು. ಡಾಕ್ಟರ್ ಎಲ್ಲಿ ಅಂತ ಕೇಳಿದೆ. ಡಾಕ್ಟರ್ ನನಗಿಂತ ಮೊದಲೇ ಮಲಗಿದ್ದರಂತೆ, ಬಕೆಟ್ಟಿನ ಸಮೇತ. ಇವಳು ನರ್ಸ್ ಅಂತ ಗೊತ್ತಾದ ಕೂಡಲೇ ಆ ಮನುಷ್ಯ ಇವಳ ಕೈ ಹಿಡಿದುಕೊಂಡು ಬಿಡಲಿಲ್ಲವಂತೆ. ಅಷ್ಟೂ ಹೊತ್ತು ಅವರಿಗೆ ನೀರು ಕುಡಿಸಿ, ಮುಖ ಒರೆಸಿ, ಮಾತ್ರೆ ನುಂಗಿಸಿ ಬಂದಿದ್ದಳು.

ಈಗ ಹೇಗಿದ್ದಾರೆ ಅಂದೆ.

"ನಮ್ಮ ಆಸ್ಪತ್ರಿ ಡಾಕ್ಟರ್ ಹಂಗ ಅದಾರ. ಹೇಳಿದ್ದೊಂದೂ ಕೇಳಂಗಿಲ್ಲ."

ನನಗೂ ಒಂದು ಮಾತ್ರೆ ತಂದಿದ್ದಳು, ಪಾಪ. ಡಾಕ್ಟರರ ಪೆಟ್ಟಿಗೆಯಿಂದ ಎತ್ತಿಕೊಂಡು.

ಸ್ವಿಟ್ಜರ್ಲೆಂಡಿನ ದಾರಿ

ಸಮುದ್ರ ತಣ್ಣಗಾದ ದಿನ ಕ್ಯಾಪ್ಟನ್ನನ ಔತಣ ಅಂತ ಇತ್ತು. ರೇಷ್ಮೆ ಸೀರೆ ಉಟ್ಟು ಹೋದೆವು. ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಹೆಂಗಸು, ದೀಪದ ಬೆಳಕಿನಲ್ಲೂ ಕಪ್ಪು ಕನ್ನಡಕ ಹಾಕಿಕೊಂಡು, ಊಟದ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಮುಖ ಕಾಣದಿದ್ದರೇನು, ಪಟ್ಟಿಯ ಮೇಲೆ ಹುಬ್ಬು ಕಾಣುತ್ತಿತ್ತು. ನಾನು ತಿದ್ದಿದ ಹುಬ್ಬು ನನಗೆ ಗೊತ್ತಾಗದೇ? ಹಿಂದಿನ ವಾರವಷ್ಟೇ ನನ್ನ ಕುರ್ಚಿಯಲ್ಲಿ ಕೂತು, ಈ ಬೇಸಿಗೆಗೆ ನಾವು ಸ್ವಿಟ್ಜರ್ಲೆಂಡ್, ಯಜಮಾನರು ನಾ ಬ್ಯಾಡ ಅಂದರೂ ಕೇಳೋದಿಲ್ಲ ಅಂತ ಕೈ ಬೀಸಿದ್ದ ಗಣಿ ಮಾಲೀಕರ ಹೆಂಡತಿ.

ಸಂಕೋಚವಾಗಿ ನಾನು ತಲೆ ತಗ್ಗಿಸಿದೆ. ಸಿಸ್ಟರ್‌ಗೆ ಕಥೆಯನ್ನು ನಾನೇ ಹೇಳಿದ್ದೆ. ತಗ್ಗಿಸುವ ಪೈಕಿ ಅವಳಲ್ಲ. ಎದ್ದು ಹೋಗಿ ಅವರ ಪಕ್ಕ ನಿಂತು, ಭಾಳ ವಿನಯದಿಂದ ಕೇಳಿದಳು:

"ಅಕ್ಕಾರ, ಈ ಹಡಗ ಸ್ವಿಟ್ಜರ್ಲೆಂಡಿಗೂ ಹೋಗ್ತೈತೇನ್ರಿ? ನಾವು ಬರೀ ಗೋವಾ ತನಕ ಅಂದ್ಕೊಂಡಿದ್ವಿ."

ಅವರು ಕನ್ನಡಕ ತೆಗೆದರು. ಬೈಯುತ್ತಾರೆ ಅಂದುಕೊಂಡೆ. ಗಂಡ ಕಡೇ ಗಳಿಗೆಯಲ್ಲಿ ಗೆಳೆಯರ ಜೊತೆ ಬೇರೆಲ್ಲೋ ಹೋದನೆಂದೂ, ಊರಲ್ಲಿ ಉಳಿದರೆ ಮಾನ ಹೋಗುತ್ತದೆಂದು ಈ ಹಡಗು ಹತ್ತಿದೆನೆಂದೂ, ಬಂದಾಗಿನಿಂದ ಒಂಟಿಯಾಗಿ ಉಣ್ಣುತ್ತಿದ್ದೇನೆಂದೂ ಹೇಳಿ ಕಣ್ಣು ಒರೆಸಿಕೊಂಡರು. ಸಿಸ್ಟರ್ ಅಲ್ಲೇ ಕುರ್ಚಿ ಎಳೆದು ಕೂತಳು. ಅವತ್ತಿನಿಂದ ಮೂವರೂ ಒಂದೇ ಮೇಜು. ನಮ್ಮ ರೊಟ್ಟಿಯ ಗಂಟು ಕರಗಿಸಿದ್ದು ಮುಖ್ಯವಾಗಿ ಅವರೇ. ಊರಿಗೆ ಬಂದ ಮೇಲೆ ಅವರು ಪಾರ್ಲರಿಗೆ ಬಂದಾಗ, ಉಳಿದ ಹೆಂಗಸರು ಸ್ವಿಟ್ಜರ್ಲೆಂಡ್ ಹೇಗಿತ್ತು ಅಂತ ಕೇಳಿದರು. ಅವರು ನನ್ನನ್ನು ನೋಡಿದರು. ನಾನು ದಾರ ಹಲ್ಲಲ್ಲಿ ಕಚ್ಚಿಕೊಂಡೆ.

"ರೊಟ್ಟಿ ಭಾಳ ಚಲೋ ಸಿಗ್ತಾವು ಅಲ್ಲಿ" ಅಂದರು ಅವರು.

ಗೋವಾದಿಂದ ಮುಂದೆ

ಕಡೆಯ ನಿಲ್ದಾಣ ಗೋವಾ. ಸಂಜೆ ಹಡಗು ಮುಂಬಯಿಗೆ ಹೊರಟರೆ ಪ್ರವಾಸ ಮುಗಿಯಿತು. ನಾವಿಬ್ಬರೂ ಕೈಚೀಲ ಹಿಡಿದು ಇಳಿದು, ದೇವಸ್ಥಾನ ನೋಡಿ, ಗೋಡಂಬಿ ಕೊಂಡು, ಸಮಯ ಇರುವಾಗಲೇ ಟ್ಯಾಕ್ಸಿ ಹತ್ತಿದೆವು. ಒಂದು ಸಲವಾದರೂ ನಮ್ಮ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ನಾನು ಬಾಯಿ ಬಿಟ್ಟು ಅಂದೆ. ಅನ್ನಬಾರದಿತ್ತು.

ಬಂದರಿನ ರಸ್ತೆಯಲ್ಲಿ ಲಾರಿ. ಲಾರಿಯ ಹಿಂದೆ ಲಾರಿ. ಎಲ್ಲದರ ಮೇಲೂ ಅದಿರು. ಅರ್ಧಕ್ಕರ್ಧ ನಮ್ಮ ಕಡೆಯ ನಂಬರ್ ಪ್ಲೇಟು. ಸಂಡೂರು ರಸ್ತೆಯ ಟ್ರಾಫಿಕ್ ಜಾಮು ನಮ್ಮನ್ನು ಹುಡುಕಿಕೊಂಡು ಗೋವಾಕ್ಕೇ ಬಂದಿತ್ತು. ಟ್ಯಾಕ್ಸಿ ಬಿಟ್ಟು ಓಡಿದೆವು. ಬಂದರು ಮುಟ್ಟುವಷ್ಟರಲ್ಲಿ ಹಡಗು ದಡ ಬಿಟ್ಟಿತ್ತು. ಮೇಲಿನ ಕಟಕಟೆಯಲ್ಲಿ ನಿಂತ ನಮ್ಮ ಸ್ವಿಟ್ಜರ್ಲೆಂಡಿನ ಅಕ್ಕಾರು ಕೈ ಬೀಸಿದರು. ನಾವು ಬೀಳ್ಕೊಡಲು ಬಂದಿದ್ದೇವೆ ಅನ್ನುವ ಹಾಗೆ ನಾವೂ ಬೀಸಿದೆವು. ಇನ್ನೇನು ಮಾಡಬೇಕಿತ್ತು?

ನಮ್ಮ ಪೆಟ್ಟಿಗೆಗಳೆಲ್ಲ ಹಡಗಿನಲ್ಲಿ. ಕೈಯಲ್ಲಿ ಗೋಡಂಬಿ. ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ನಿಜವಾಗಿ ಅತ್ತೆ. ಸಿಸ್ಟರ್ ಪಕ್ಕದಲ್ಲಿ ಕೂತು, ಗೋಡಂಬಿಯ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟಳು. ಅಷ್ಟರಲ್ಲಿ ಅದಿರು ಸುರಿದು ವಾಪಸು ಹೊರಟಿದ್ದ ಲಾರಿಯೊಂದು ನಮ್ಮ ಮುಂದೆ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ಸಿಸ್ಟರ್ ನೀವೇನ್ರಿ ಇಲ್ಲಿ ಅಂದ. ಇವಳು ಅವನನ್ನು ಒಂದು ಗಳಿಗೆ ನೋಡಿ, ಹೆಂಡತಿಯ ಹೆರಿಗೆಗೆ ಬಂದು ತಾನೇ ಮೂರ್ಛೆ ಬಿದ್ದವನು ಅಂತ ಗುರುತು ಹಿಡಿದಳು. ಅವನು ನಾಚಿಕೊಂಡು ಬಾಗಿಲು ತೆಗೆದ.

ಲಾರಿ ಖಾಲಿಯಾಗಿತ್ತು, ಧೂಳು ಖಾಲಿಯಾಗಿರಲಿಲ್ಲ. ಕಿಟಕಿಗೆ ಗಾಜಿಲ್ಲ. ಎದುರಿಗೆ ಬರುವ ಒಂದೊಂದು ಲಾರಿಯೂ ನಮ್ಮ ಮೇಲೆ ಒಂದೊಂದು ಹಿಡಿ ಎರಚಿ ಹೋಯಿತು. ದಾರಿಯಲ್ಲಿ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ, ಬೆಳಿಗ್ಗೆ ನೇರವಾಗಿ ಬರುತ್ತೇವೆ ಅಂತಷ್ಟೇ ಹೇಳಿದೆ. ಏನಾಯಿತು ಅಂತ ಹೇಳುವ ಧೈರ್ಯ ಬರಲಿಲ್ಲ. ಫೋನ್ ಎತ್ತಿದ್ದು ನಮ್ಮತ್ತೆ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಸೊಸೆ ಹಡಗಿನಲ್ಲಿ ಹೋಗುವುದು ಅವರಿಗೆ ಬಿಲ್‌ಕುಲ್ ಇಷ್ಟವಿರಲಿಲ್ಲ. ಆದರೆ ಹೋದ ಮೇಲೆ ಇಡೀ ಓಣಿಗೆ ಅದನ್ನು ಹೇಳಿಕೊಂಡು ತಿರುಗಿದ್ದು ಅವರೇ.

ಬೆಳಿಗ್ಗೆ ಲಾರಿ ನಮ್ಮ ಓಣಿಗೆ ತಿರುಗಿತು. ಮನೆ ಮುಂದೆ ಅತ್ತೆ ಹೊಸ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಾರೆ. ಸುತ್ತ ಓಣಿಯ ಹೆಂಗಸರೆಲ್ಲ ಸೇರಿದ್ದಾರೆ. ಎಲ್ಲರ ಕಣ್ಣೂ ಕಾರು ಬರುವ ದಾರಿಯ ಮೇಲೆ. ಅದಿರಿನ ಲಾರಿ ಬಂದು ಅವರ ಮುಂದೆಯೇ ಉಸ್ಸೆಂದು ನಿಂತಿತು. ಮೊದಲು ಸಿಸ್ಟರ್ ಇಳಿದಳು. ಅವಳ ಕೈ ಹಿಡಿದು ನಾನು ಇಳಿದೆ. ತಲೆಯಿಂದ ಕಾಲಿನವರೆಗೆ ಕೆಂಪು. ಕೂದಲು ಕೆಂಪು, ಹುಬ್ಬು ಕೆಂಪು, ನಕ್ಕರೆ ಹಲ್ಲು ಮಾತ್ರ ಬಿಳಿ.

ಅತ್ತೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಲಾರಿ ನೋಡಿದರು. ಸೇರಿದ್ದ ಹೆಂಗಸರನ್ನು ನೋಡಿದರು. ಮಾನ ಹೋಗುವುದಾದರೆ ಹೋಗಬೇಕಾದ ಗಳಿಗೆ ಅದೇ. ಅವರು ಮುಖದ ಒಂದು ಗೆರೆಯೂ ಅಲುಗದಂತೆ ಆರತಿ ಎತ್ತಿದರು. ಎತ್ತುತ್ತಾ ಪಕ್ಕದ ಮನೆಯಾಕೆಗೆ ಗಂಭೀರವಾಗಿ ಹೇಳಿದರು:

"ಟಿಕೀಟಿನ್ಯಾಗ ಇರ್ಲಿಲ್ಲ ನೋಡವಾ. ಕೆಂಪು ಸಮುದ್ರಕ್ಕೂ ಕರ್ಕೊಂಡು ಹೋಗ್ಯಾರ."