ನಮ್ಮ ಭಾವನ ‘ಪಕ್ಕಾನಾ?’

ನಮ್ಮ ಭಾವನ ಮನೆಯಲ್ಲಿ ಒಂದು ಲೋಟ ನೀರು ಕುಡಿಯಬೇಕಾದರೆ ಎರಡು ಸಲ ಬಾಯಾರಬೇಕು! ನೀರು ಬೇಕು ಎಂದ ಕೂಡಲೇ ಅವರು ಎದ್ದು ತಂದುಕೊಡುವವರಲ್ಲ. ಮೊದಲು ಕನ್ನಡಕ ಮೇಲೆತ್ತಿ ನಿಮ್ಮನ್ನು ದಿಟ್ಟಿಸುತ್ತಾರೆ.

"ನೀರು?"

"ಹೌದು ಭಾವ."

"ಪಕ್ಕಾನಾ?"

ಪಕ್ಕಾ ಎಂದಮೇಲೆಯೇ ಏಳುವುದು. ನಡುವೆ ಮಜ್ಜಿಗೆ ಎಂದು ಮನಸ್ಸು ಬದಲಿಸಿದಿರೋ, ವಿಚಾರಣೆ ಮೊದಲಿನಿಂದ ಶುರು! ದೇವರಾಜ ಅರಸು ಬಡಾವಣೆಯ ಆ ಮನೆಯಿಂದ ನಾನು ಒಣಗಿದ ಬಾಯಲ್ಲೇ ಹೊರಬಿದ್ದದ್ದೂ ಉಂಟು.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಭಾವ ಹರಿಹರದ ಒಂದು ದೊಡ್ಡ ಲಾರಿ ಕಂಪನಿಗೆ ವೆಬ್ ಅಪ್ಲಿಕೇಶನ್ ಕಟ್ಟಿಕೊಡುವವರು. ಬುಕಿಂಗು, ಬಿಲ್ಲು, ಡ್ರೈವರುಗಳ ರಜೆ, ಹಳೇ ಟೈರು, ಹೊಸ ಟೈರು ಎಲ್ಲವೂ ಒಂದೇ ಪುಟದಲ್ಲಿ. ಅಂಥ ಭಾರಿ ಪುಟಗಳನ್ನು ಕಟ್ಟುವುದಕ್ಕೆಂದೇ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆಯಂತೆ. ಇಡೀ ದಾವಣಗೆರೆಯಲ್ಲಿ ಅದು ಬಲ್ಲವರು ಇವರೊಬ್ಬರೇ ಎಂದು ಇವರೇ ಹೇಳುತ್ತಾರೆ. ಅಲ್ಲವೆನ್ನುವುದಕ್ಕಾದರೂ ಬಲ್ಲವರು ಇನ್ನೊಬ್ಬರು ಬೇಕಲ್ಲ!

ಅಂಥ ಪುಟ ಎಂದರೇನು ಎಂದು ಒಮ್ಮೆ ಬೆಣ್ಣೆದೋಸೆ ಹೋಟೆಲಿನಲ್ಲಿ ಕೇಳಿಬಿಟ್ಟೆ. ಕೇಳಬಾರದಿತ್ತು.

"ನೋಡಪ್ಪ, ನಿನ್ನ ತಟ್ಟೇಲಿ ಚಟ್ನಿ ಖಾಲಿ ಆತು. ಈಗ ಬ್ಯಾರೆ ಟೇಬಲ್ಲಿಗೆ ಹೋಗಿ ಮೊದ್ಲಿಂದ ದೋಸೆ ಹೇಳ್ತಿಯಾ? ಇಲ್ಲ. ತಟ್ಟೆ ಅಲ್ಲೇ ಇರ್ತೈತೆ, ಚಟ್ನಿ ಅಷ್ಟೇ ಬರ್ತೈತೆ. ನನ್ನ ಪುಟಾನೂ ಹಂಗೇ. ಪುಟ ಬಿಟ್ಟು ಏಳಂಗಿಲ್ಲ, ಬೇಕಾದ್ದು ಇದ್ದಲ್ಲಿಗೇ ಬರ್ತೈತೆ. ತಿಳೀತಾ?"

"ತಿಳೀತು ಭಾವ."

"ಪಕ್ಕಾನಾ?"

ಎಲ್ಲಿಯ ಪಕ್ಕಾ! ನನ್ನ ತಲೆಯಲ್ಲಿ ಲಾರಿಗಳೆಲ್ಲ ಚಟ್ನಿಯೊಳಗೆ ಹೂತುಕೊಂಡಿದ್ದವು. ಅಷ್ಟರಲ್ಲಿ ಸಪ್ಲೈಯರು ಬಂದು ನಮ್ಮಿಬ್ಬರ ತಟ್ಟೆಗೂ ಚಟ್ನಿ ಸುರಿದು ಹೋದ. "ನೋಡು, ಕೇಳ್ಲೇ ಇಲ್ಲ ಆತ," ಎಂದು ಭಾವ ಮನಸ್ಸಿಗೆ ಹಚ್ಚಿಕೊಂಡರು.

ಈ ‘ಪಕ್ಕಾನಾ’ಕ್ಕೆ ಮೂಲ ಒಂದು ಲಾರಿ. ಹಿಂದೆ ಯಾರೋ ಗುಮಾಸ್ತರು ಕೈತಪ್ಪಿ ಪುಟದಲ್ಲಿ ಬೇರೆ ಗುಂಡಿ ಒತ್ತಿ, ಹುಬ್ಬಳ್ಳಿಗೆ ಹೋಗಬೇಕಾದ ಅಕ್ಕಿಮೂಟೆಗಳು ಹಾಸನ ತಲುಪಿದವಂತೆ. ಅಂದಿನಿಂದ ಭಾವ ಪ್ರತಿ ಗುಂಡಿಯ ಹಿಂದೆಯೂ ಆ ಪ್ರಶ್ನೆ ಇಟ್ಟರು. ಏನು ಒತ್ತಿದರೂ ಪರದೆ ‘ಪಕ್ಕಾನಾ?’ ಎನ್ನುತ್ತದೆ. ಪರದೆಯಿಂದ ಅದು ಅವರ ಬಾಯಿಗೆ ಬಂತು.

ಬಾಯಿಗೆ ಬಂದ ಹೊಸತರಲ್ಲೇ ನನ್ನ ಅಕ್ಕನ ಜೊತೆ ಅವರ ಮದುವೆ, ನಮ್ಮೂರು ಕಡರನಾಯಕನಹಳ್ಳಿಯಲ್ಲಿ. ಗಟ್ಟಿಮೇಳ ಶುರುವಾಗಿದ್ದಾಯಿತು, ಅಕ್ಷತೆ ಹಾರಿ ಬಿದ್ದದ್ದೂ ಆಯಿತು, ತಾಳಿ ಮಾತ್ರ ಇನ್ನೂ ಭಾವನ ಕೈಯಲ್ಲೇ ಇದೆ! ಬಗ್ಗಿ ಅಕ್ಕನ ಕಿವಿಯಲ್ಲಿ ಏನೋ ಕೇಳುತ್ತಿದ್ದಾರೆ. ಏನೆಂದು ನಾನು ಬೇರೆ ಹೇಳಬೇಕೆ? ನಮ್ಮಕ್ಕನೋ ಬಾಯಿಗೆ ಊರಲ್ಲೇ ಹೆಸರಾದವಳು.

"ಕಟ್ರಿ ಸುಮ್ನೆ!"

ವಾಲಗದವರು ಬೆಚ್ಚಿ ನುಡಿಸುವುದನ್ನೇ ನಿಲ್ಲಿಸಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಪ್ರಶ್ನೆಯೆಲ್ಲ ಭಾವನದು, ಮಾತೆಲ್ಲ ಅಕ್ಕನದು. "ಒಂದು ಸಲ ಹೇಳಿದ್ರೆ ತಿಳಿಯಂಗಿಲ್ಲೇನ್ರಿ ನಿಮಗೆ?" ಎಂದು ದಿನಾ ಗದರುವಳು. ಗದರುತ್ತಲೇ ಎರಡನೇ ಸಲವೂ ಹೇಳುವಳು.

ಆ ದನಿಗೇ ಈ ವರ್ಷ ಕುತ್ತು ಬಂತು. ಪಿ.ಜೆ. ಬಡಾವಣೆಯ ಡಾಕ್ಟರು ನೋಡಿ, ಗಂಟಲಲ್ಲಿ ಒಂದು ಗಂಟಿದೆ, ತೆಗೆಯಲೇಬೇಕು ಎಂದರು. "ಆಪರೇಷನ್ ಆದ್ಮೇಲೆ ನಾನು ಹೇಳೋವರೆಗೂ ಮಾತಾಡಂಗಿಲ್ಲ. ಪಿಸುಮಾತೂ ಬ್ಯಾಡ. ದನಿ ಮೊದ್ಲಿನಂಗೇ ಬರ್ತೈತೆ ಅಂತ ಈಗ್ಲೇ ಹೇಳಕ್ಕಾಗಲ್ರಿ," ಎಂದರು. ನಾನು ಭಾವನ ಕಡೆ ನೋಡಿದೆ. ಅಲ್ಲಿ ಮಾತ್ರ ಅವರು ‘ಪಕ್ಕಾನಾ’ ಎಂದು ಕೇಳಲಿಲ್ಲ.

ಆಪರೇಷನ್ ಮುಗಿಸಿ ಮನೆಗೆ ಬಂದ ಅಕ್ಕನ ಕೈಗೆ ಸ್ಲೇಟು ಬಂತು. ‘ಚಾ’ ಎಂದು ಬರೆದು ತೋರಿಸಿದಳು. ಭಾವ ಓದಿದರು. ಹಾಳು ಅಭ್ಯಾಸ! "ಪಕ್ಕಾನಾ?" ಎಂದೇಬಿಟ್ಟರು. ಅಕ್ಕ ಅಳಿಸಿ, ಮತ್ತೆ ‘ಚಾ’ ಎಂದು ಇನ್ನೂ ದಪ್ಪಗೆ ಬರೆದಳು. ಭಾವ ಸಕ್ಕರೆಯ ವಿಚಾರಕ್ಕೆ ಬರುವಷ್ಟರಲ್ಲಿ ಸ್ಲೇಟು ಅವರ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಬೈಯಲೂ ಆಗದೆ ಅಕ್ಕ ಅತ್ತುಬಿಟ್ಟಳು.

ಅವತ್ತಿನಿಂದ ಭಾವ ಕಂಪ್ಯೂಟರಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಊಟಕ್ಕಷ್ಟೇ ಹೊರಗೆ. ನನಗೆ ರೇಗಿತು. ಹೆಂಡತಿ ಮೂಕಿಯಾಗಿ ಕೂತಿರುವಾಗ ಇವರಿಗೆ ಲಾರಿ ಕಂಪನಿಯ ಚಾಕರಿಯೇ? ಒಂದು ಸಂಜೆ ಜಗಳವಾಡಬೇಕೆಂದೇ ಹೋದೆ. ಅಕ್ಕ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅವಳೆದುರು ನಿಂತಿದ್ದಂತೆಯೇ ಮನೆಯೊಳಗಿನಿಂದ ಅವಳದೇ ದನಿ ಕೇಳಬೇಕೇ?

"ರೀ, ಕೊತ್ತಂಬರಿ ಮರೀಬ್ಯಾಡ್ರಿ!"

ಎದುರಿಗಿದ್ದ ಅಕ್ಕನ ತುಟಿ ಅಲ್ಲಾಡಿಲ್ಲ. ಒಳಗಿನ ಅಕ್ಕ ಆಗಲೇ ಕೊತ್ತಂಬರಿ ಬಿಟ್ಟು ಹಾಲಿನವನನ್ನು ಬೈಯುತ್ತಿದ್ದಾಳೆ. ನನಗೆ ಎಷ್ಟು ಜನ ಅಕ್ಕಂದಿರು ಸ್ವಾಮಿ? ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹೋಗಿ ಬಾಗಿಲು ತಳ್ಳಿದೆ.

ಭಾವನ ಮುಂದೆ ಅವರ ಫೋನು, ಒಂದು ಟ್ಯಾಬು. ಅಕ್ಕ ಇಷ್ಟು ವರ್ಷ ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ಸಂದೇಶಗಳಲ್ಲಿ ಒಂದನ್ನೂ ಈ ಮನುಷ್ಯ ಅಳಿಸಿರಲಿಲ್ಲ, ಬೈಗುಳ ಸಮೇತ! ಅವುಗಳಿಂದ ಮಾತು ಮಾತಾಗಿ ಬಿಡಿಸಿ, ಒಂದೊಂದಕ್ಕೂ ಒಂದೊಂದು ಗುಂಡಿ ಮಾಡಿ, ತಮ್ಮ ಆ ಭಾಷೆಯಲ್ಲಿ ಒಂದು ಪುಟ ಕಟ್ಟಿದ್ದರು.

"ಲಾರಿ ಕಂಪನಿಗೆ ಕಟ್ಟೋದು ಸಲೀಸಪ್ಪ. ಒಬ್ಬಳಿಗೇ ಅಂತ ಕಟ್ಟೋದು ಕಷ್ಟ ಐತೆ," ಎಂದರು. ತಂದಿದ್ದ ಜಗಳವನ್ನು ಅಲ್ಲೇ ಬಿಟ್ಟು ನಾನು ಅವರ ಹಿಂದೆಯೇ ಅಂಗಳಕ್ಕೆ ಬಂದೆ.

ಟ್ಯಾಬನ್ನು ತಂದು ಅಕ್ಕನ ಮಡಿಲಲ್ಲಿಟ್ಟರು. ಅವಳು ಅನುಮಾನಿಸುತ್ತ ಒಂದು ಗುಂಡಿ ಮುಟ್ಟಿದಳು. "ರೀ, ಚಾ ಇಡ್ರಿ," ಎಂದಿತು ಅವಳ ದನಿ. ಇನ್ನೇನು ಆ ಪ್ರಶ್ನೆ ಬರುತ್ತದೆ ಎಂದು ಪರದೆಯನ್ನೇ ನೋಡಿದೆ. ಬರಲಿಲ್ಲ.

"ಭಾವ, ‘ಪಕ್ಕಾನಾ’ ಹಾಕೋದೇ ಮರೆತ್ರಲ್ರಿ?"

"ಮರೆತಿಲ್ಲಪ್ಪ. ಇದ್ರಾಗೆ ಬ್ಯಾಡ ಅಂತ ಬಿಟ್ಟೀನಿ," ಎಂದವರೇ ಚಾ ಇಡಲು ಹೋದರು.

ಮಾತಾಡಬಹುದು ಎಂದು ಡಾಕ್ಟರು ಹೇಳಿದ ದಿನ ನಾನೂ ಜೊತೆಗಿದ್ದೆ. ಅಕ್ಕನಿಗೆ ಬಾಯಿ ತೆರೆಯಲು ಭಯ. ಭಾವ ಅವಳ ಕೈ ಹಿಡಿದು ಕೂತಿದ್ದರು. ಕೊನೆಗೆ, "ರೀ... ಮನೆಗೆ ಹೋಗಣ ನಡೀರಿ," ಎಂದಳು. ದನಿ ಒಡೆದಿತ್ತು, ತೆಳ್ಳಗಾಗಿತ್ತು. ಆದರೂ ಅಕ್ಕನದೇ.

ಭಾವನ ಕಣ್ಣು ತುಂಬಿ ಬಂತು.

"ಪಕ್ಕಾನಾ?" ಎಂದರು.

ಆ ದನಿಯನ್ನು ಇನ್ನೊಂದು ಸಲ ಕೇಳಬೇಕಾಗಿತ್ತು ಅವರಿಗೆ, ಅಷ್ಟೇ. ಅಕ್ಕ ಈ ಸಲ ಗದರಲಿಲ್ಲ.

"ಪಕ್ಕಾ ರೀ," ಎಂದಳು.