ಹೆಂಡತಿಯ ಮಾತು ಮುಗಿಸಿಕೊಡುವ ಗಂಡ

ಬೇರೆಯವರ ಮಾತನ್ನು ನಾನೇ ಮುಗಿಸಿಕೊಡುವುದು ನನ್ನ ಹುಟ್ಟುಗುಣವಲ್ಲ, ಕಚೇರಿ ಕಲಿಸಿದ್ದು. ಮೂವತ್ತು ವರ್ಷ ವಿಮಾ ಕಚೇರಿಯ ಕೌಂಟರಿನಲ್ಲಿ ಕೂತವನು ನಾನು. "ಸಾರ್, ನನ್ನ ಪಾಲಿಸಿ..." ಎಂದು ಎದುರಿಗಿದ್ದವರು ಬಾಯಿ ತೆಗೆದರೆ ಸಾಕು, "ಲ್ಯಾಪ್ಸ್ ಆಗಿದೆ, ಮೂರನೇ ಟೇಬಲ್" ಎಂದುಬಿಡುತ್ತಿದ್ದೆ. ಕ್ಯೂ ಸರಸರನೆ ಕರಗುತ್ತಿತ್ತು. ಮ್ಯಾನೇಜರು ಮೆಚ್ಚಿದ ಈ ಕಲೆಯನ್ನು ನಿವೃತ್ತನಾದ ಮೇಲೆ ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ತಂದೆ. ಮನೆಯಲ್ಲಿ ಕ್ಯೂ ಎಂದರೆ ನನ್ನ ಹೆಂಡತಿ ಸರೋಜ ಒಬ್ಬಳೇ. "ರೀ, ನನಗೆ ಇವತ್ತು..." ಎಂದರೆ, "ಮಂಡಿನೋವು, ಮಾತ್ರೆ ಫ್ರಿಜ್ ಮೇಲಿದೆ" ಎನ್ನುತ್ತಿದ್ದೆ. ಪಾಪ, ಅವಳಿಗೆ ಸಿನಿಮಾ ನೋಡುವ ಆಸೆಯಾಗಿತ್ತಂತೆ.

ಆರು ತಿಂಗಳು ಸಹಿಸಿದವಳು ಒಂದು ಬೆಳಿಗ್ಗೆ ಒಂದೇ ಉಸಿರಿನಲ್ಲಿ, ನಾನು ನಡುವೆ ನುಗ್ಗಲಾರದಂತೆ ಹೇಳಿದಳು: "ಶನಿವಾರ ಇಂದಿರಾನಗರಕ್ಕೆ ಕೌನ್ಸೆಲಿಂಗ್‌ಗೆ ಬನ್ನಿ, ಅದಾದ್ಮೇಲೂ ನೀವು ಹೀಗೇ ಇದ್ರೆ ನಾನು ಬಾಣಸವಾಡಿ ತಂಗಿ ಮನೆಗೆ ಹೋಗ್ಬಿಡ್ತೀನಿ, ವಾಪಸ್ ಬರಲ್ಲ!"

ನನಗೋ ಸಂಭ್ರಮವೇ ಸಂಭ್ರಮ! ಓದಿದವರೊಬ್ಬರು ಕೊನೆಗೂ ನನ್ನದೇ ಸರಿ ಎನ್ನುತ್ತಾರಲ್ಲ! ಇಸ್ತ್ರಿ ಮಾಡಿದ ಶರ್ಟು ಹಾಕಿ, ಅವಳ ತಪ್ಪುಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೊರಟೆ. ಬಾಗಿಲಲ್ಲಿ 'ವ್ಯಕ್ತಿಗಳಿಗೆ, ದಂಪತಿಗಳಿಗೆ, ಕುಟುಂಬಗಳಿಗೆ' ಎಂಬ ಬೋರ್ಡು.

ಒಳಗೆ ನಮ್ಮ ಮಗಳ ವಯಸ್ಸಿನ ಕೌನ್ಸೆಲರ್. "ಸರೋಜ ಅವ್ರೇ, ನಿಮಗೇನು ಬೇಕು ಹೇಳಿ" ಎಂದರು.

"ಅವಳಿಗೆ ಸ್ವಲ್ಪ ತಾಳ್ಮೆ ಬೇಕು ಮೇಡಂ" ಎಂದೆ ನಾನು.

ಆಕೆ ಒಂದು ಪುಟ್ಟ ದಿಂಬನ್ನು ಸರೋಜಳ ಕೈಗಿಟ್ಟರು. "ಇದು ಯಾರ ಕೈಲಿರತ್ತೋ ಅವ್ರು ಮಾತ್ರ ಮಾತಾಡ್ಬೇಕು."

ನಲವತ್ತು ನಿಮಿಷ ದಿಂಬು ನನ್ನ ಕಡೆ ಬರಲೇ ಇಲ್ಲ. ಹಾಳೆ ಜೇಬಿನಲ್ಲೇ ಮುದುಡಿತು. ಕೊನೆಗೆ ಅವಳು ಮೆಲ್ಲಗೆ, "ಇವ್ರು ರಿಟೈರ್ ಆಗ್ಲಿ, ಆಮೇಲೆ ಕೂತು ಮಾತಾಡೋಣ ಅಂತ ಮೂವತ್ತು ವರ್ಷ ಕಾದಿದ್ದೆ ಮೇಡಂ" ಎಂದಳು. ನನಗೆ ನಾಚಿಕೆಯಾಯಿತು.

ಹೊರಗೆ ಬಂದು ಆಟೊ ಹತ್ತುವಾಗಲೇ ನೋಡಿದ್ದು, ಅವಳ ಕೈಯಲ್ಲಿ ಬಟ್ಟೆ ತುಂಬಿದ ಚೀಲ! ಹಾಗಾದರೆ ಬಾಣಸವಾಡಿಗೇ ಹೊರಟಳೇ?

"ಎಲ್ಲಿಗಮ್ಮಾ?" ಎಂದ ಆಟೊದವನು.

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಸರೋಜ ನನ್ನ ಮುಖ ನೋಡಿದಳು. ಚೀಲ ನೋಡಿದಳು. ನಿಧಾನವಾಗಿ ಸೆರಗು ಸರಿಮಾಡಿಕೊಂಡಳು.

"ಹೊಸ..." ಎಂದಳು.

"ತಿಪ್ಪಸಂದ್ರ!" ಎಂದು ಖುಷಿ ತಡೆಯಲಾರದೆ ಕೂಗಿಬಿಟ್ಟೆ.

ಸರೋಜ ಹಣೆ ಚಚ್ಚಿಕೊಂಡಳು, ಆದರೂ ನಗುತ್ತಿದ್ದಳು. ಮುಂದಿನ ಶನಿವಾರಕ್ಕೆ ನನ್ನೊಬ್ಬನ ಹೆಸರನ್ನೇ ಬರೆಸಿದ್ದಾಳೆ. ನಾನಂತೂ ದಿನ ಎಣಿಸುತ್ತಿದ್ದೇನೆ. ಈ ಸಲವಾದರೂ ದಿಂಬು ನನ್ನ ಕೈಗೆ ಬರಲೇಬೇಕಲ್ಲ!