ಕಾರ್ಡಿನಲ್ಲಿ ಇಲ್ಲದ ಎಮ್ಮೆ

ಮೂಡಬಿದಿರೆಯ ಹೈಸ್ಕೂಲಿನ ಗುಮಾಸ್ತನ ಕೆಲಸ ನನಗೆ ಸಿಗದೆ ಹೋದದ್ದು ನಾನು ಸಂದರ್ಶನದಲ್ಲಿ ವಾದಕ್ಕೆ ನಿಂತದ್ದರಿಂದ ಎಂದು ಬಂಟ್ವಾಳದ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಅವರ ಬಳಿ ಇರುವ ಸಾಕ್ಷ್ಯವೆಂದರೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಪಾನನಿರೋಧ ಬೇಕೆಂದು ಒಂದು ವರ್ಷ, ಬೇಡವೆಂದು ಮರುವರ್ಷ ಮಾತಾಡಿ ಎರಡು ಸಲವೂ ಸೋಪಿನ ಡಬ್ಬಿ ಗೆದ್ದದ್ದು. ಸಾಕ್ಷ್ಯ ದುರ್ಬಲ. ನಿಜವೇನೆಂದರೆ, ಆ ದಿನ ನಾನು ಜನ್ಮದಲ್ಲಿ ಮೊದಲ ಬಾರಿಗೆ ವಾದ ಬಿಟ್ಟು ತಪ್ಪೊಪ್ಪಿಕೊಂಡೆ. ಕೆಲಸ ಹೋದದ್ದು ಅದರಿಂದ.

ಹಿಂದಿನ ಕೆಲಸದಲ್ಲಿ ಏನು ತಪ್ಪು ಮಾಡಿದ್ದೀರಿ ಎಂದು ಆ ಶಾಲೆಯ ಸಂಚಾಲಕರು ಎಲ್ಲರನ್ನೂ ಕೇಳುತ್ತಾರೆಂಬ ಸುದ್ದಿ ಮೊದಲೇ ಬಂದಿತ್ತು. ಮಾವ ನನ್ನನ್ನು ಕೂರಿಸಿ ಪಾಠ ಹೇಳಿದ್ದರು: “ಏನೂ ಮಾಡ್ಲಿಲ್ಲ ಅಂತ ಹೇಳ್ಬೇಡ ಮಾರಾಯ, ಅಹಂಕಾರ ಅಂತಾರೆ. ಸಣ್ಣದೊಂದು ಹೇಳು. ನೋಡ್ಲಿಕ್ಕೆ ತಪ್ಪಿನ ಹಾಗೆ ಇರ್ಬೇಕು, ತಪ್ಪು ಮಾತ್ರ ಆಗಿರ್ಬಾರ್ದು.” ಸಂದರ್ಶನದ ದಿನ ನನಗಿಂತ ಮೊದಲು ಒಳಗೆ ಹೋಗಿ ಬಂದವನಿಗೂ ಇಂಥ ಮಾವ ಇದ್ದಿರಬೇಕು. “ಕೆಲಸದ ಗುಂಗಿನಲ್ಲಿ ಊಟ ಮರೆತುಬಿಡ್ತೇನೆ ಅಂತ ಹೇಳಿದೆ” ಎಂದು ನನ್ನ ಕಿವಿಯಲ್ಲಿ ಉಸುರಿದ. ಅವನ ಹೊಟ್ಟೆಯ ಮೇಲೆ ಬಿಗಿದು ನಿಂತ ಅಂಗಿಯ ಗುಂಡಿಗಳು ಆ ಹೇಳಿಕೆಯನ್ನು ಸಮರ್ಥಿಸುತ್ತಿರಲಿಲ್ಲ.

ನನ್ನ ಹಿಂದಿನ ಕೆಲಸವೆಂದರೆ ಬೆಳ್ತಂಗಡಿಯಾಚೆಯ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ಮೂರು ತಿಂಗಳ ಬದಲಿ. ಅಲ್ಲಿಯ ಪೋಸ್ಟ್ ಮಾಸ್ಟರು ಶೀನಪ್ಪ ಮಾಸ್ಟ್ರು ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದ್ದರು. ನಮ್ಮ ಕಡೆ ಮಾತು ತುಳು, ಕಾಗದ ಮಾತ್ರ ಕನ್ನಡ. ಆದ್ದರಿಂದ ಓದು ಬಾರದವರು ಕಾಗದ ಹಿಡಿದು ಅಂಚೆ ಕಚೇರಿಗೇ ಬರುತ್ತಾರೆ. ಮಾಸ್ಟ್ರು ಕನ್ನಡದಲ್ಲಿ ಓದಿಕೊಂಡು ತುಳುವಿನಲ್ಲಿ ಹೇಳುತ್ತಾರೆ. ಒಂದು ದಿನ ಆ ಊರಿನ ಕಮಲಕ್ಕ ಕಾರ್ಡೊಂದು ಹಿಡಿದು ಬಂದಳು. ಅವಳ ತಮ್ಮ ಬೊಂಬಾಯಿಯ ಹೋಟೆಲೊಂದರಲ್ಲಿದ್ದ. ಕಾರ್ಡಿನಲ್ಲಿ ಇದ್ದದ್ದನ್ನು ಹೇಳಿದೆ: ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ, ಈ ವರ್ಷ ಬರಲಾಗುವುದಿಲ್ಲ.

“ಅಷ್ಟೆಯಾ?”

“ಅಷ್ಟೇ.”

“ಎಮ್ಮೆಯ ವಿಷಯ ಕೇಳ್ಲಿಲ್ವಾ? ಯಾವಾಗಲೂ ಕೇಳ್ತಾನೆ. ಅಕ್ಕನ ಮಂಡಿನೋವು ಹೇಗುಂಟು, ಎಮ್ಮೆ ಹಾಲು ಕೊಡ್ತದಾ ಅಂತ. ಸ್ವಲ್ಪ ತಿರುಗಿಸಿ ನೋಡಿ ಮಗಾ.”

ತಿರುಗಿಸಿದೆ. ಆ ಕಡೆ ವಿಳಾಸ ಮಾತ್ರ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಓದಿನ ಮೇಲೆ ಸಂಶಯ ಬಂದಿದೆಯಲ್ಲ! ಹಳೆಯ ಕಾರ್ಡುಗಳನ್ನೆಲ್ಲ ತನ್ನಿ ಎಂದೆ. ಮರುದಿನ ಬಟ್ಟೆಯಲ್ಲಿ ಸುತ್ತಿ ತಂದಳು. ಏಳು ಕಾರ್ಡು. ಒಂದೊಂದನ್ನೂ ಬೆರಳಿಟ್ಟು ಓದಿ, ಯಾವುದರಲ್ಲೂ ಮಂಡಿಯಿಲ್ಲ, ಎಮ್ಮೆಯಿಲ್ಲ, ಅದೆಲ್ಲ ಮಾಸ್ಟ್ರು ತಾವಾಗಿ ಸೇರಿಸಿದ್ದು ಎಂದು ಸಾಧಿಸಿ ತೋರಿಸಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ಯಾವ ಸ್ಪರ್ಧೆಯಲ್ಲೂ ಮಾತಾಡಿರಲಿಲ್ಲ. ಕಮಲಕ್ಕ ಬಟ್ಟೆಯನ್ನು ಮಾತ್ರ ಕೊಡವಿ ಮಡಚಿಕೊಂಡಳು. “ಆಯ್ತು ಮಗಾ, ನೀವು ಕಲಿತವರು” ಎಂದು ಹೊರಟಳು. ಕಾರ್ಡುಗಳು ಮೇಜಿನ ಮೇಲೆಯೇ ಉಳಿದವು.

ಇದಿಷ್ಟನ್ನೂ ಸಂದರ್ಶನದಲ್ಲಿ ಹೇಳಿದೆ. ಸಂಚಾಲಕರು ಪಕ್ಕದಲ್ಲಿ ಕೂತಿದ್ದ ಹೆಡ್ ಮಾಸ್ಟರರ ಮುಖ ನೋಡಿದರು. “ಇದ್ದದ್ದನ್ನು ಇದ್ದ ಹಾಗೆ ಓದಿದ್ದೀರಿ. ಇದರಲ್ಲಿ ತಪ್ಪೆಲ್ಲುಂಟು ಮಾರಾಯ್ರೆ? ತಪ್ಪು ಹೇಳಿ ಅಂದ್ರೆ ನಿಮ್ಮನ್ನು ನೀವೇ ಹೊಗಳಿಕೊಳ್ತೀರಲ್ಲ!” ಎಂದರು. ನನ್ನ ತಪ್ಪು ತಪ್ಪೇ ಎಂದು ಸಾಧಿಸಲು ನನ್ನಲ್ಲಿ ಒಂದೇ ಒಂದು ವಾದವೂ ಹುಟ್ಟಲಿಲ್ಲ. ಕೆಲಸ ಊಟ ಮರೆಯುವವನಿಗೆ ಸಿಕ್ಕಿತು.

ಮೊನ್ನೆ, ರಜೆ ಮುಗಿಸಿ ಬಂದ ಶೀನಪ್ಪ ಮಾಸ್ಟ್ರನ್ನು ನೋಡಲು ಅಂಚೆ ಕಚೇರಿಗೆ ಹೋಗಿದ್ದೆ. ದಪ್ಪ ಗಾಜಿನ ಕನ್ನಡಕ ಬಂದಿದೆ. ನನ್ನನ್ನು ಬೈದರೆ ಉತ್ತರಿಸಲು ನಾಲ್ಕು ಅಂಶ ತಯಾರು ಮಾಡಿಕೊಂಡಿದ್ದೆ. ಅವರು ಬೈಯಲಿಲ್ಲ. “ನೀನು ಓದಿದ್ದು ಸರಿಯೇ ಉಂಟು” ಎಂದರು. ಆಮೇಲೆ ಖಾನೆಯಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು ತೋರಿಸಿದರು. ಕಮಲಕ್ಕನಿಗೆ ಬಂದದ್ದು, ತಮ್ಮನದ್ದೇ. ಬೇಡ ಎಂದುಬಿಟ್ಟಿದ್ದಾಳಂತೆ. ನಿಯಮದಂತೆ ಹಿಂದಕ್ಕೆ ಕಳಿಸಬೇಕು, ಅವರು ಕಳಿಸಿಲ್ಲ. ಕಾರ್ಡಿಗೆ ಮೂರು ಸಾಲು ಮೀರದವನು ಈ ಸಲ ಅಂಟಿಸಿದ ಮಡಿಕೆಯ ಅಂಚಿನವರೆಗೂ ಬರೆದಿದ್ದ. ಒಳಗಿನ ಶಾಯಿ ಹೊರಗೂ ಮಸುಕಾಗಿ ಕಾಣುತ್ತಿತ್ತು.

ಅದನ್ನು ನೋಡುತ್ತ ನಾನು ಕೇಳಿದೆ: “ಮಾಸ್ಟ್ರೇ, ಇದರಲ್ಲಿ ಅವನು ನಿಜವಾಗಿಯೇ ಎಮ್ಮೆಯ ವಿಷಯ ಕೇಳಿದ್ರೆ, ನೀವು ಓದಿ ಹೇಳಿದ್ರೂ ಅವಳು ಇನ್ನು ನಂಬ್ತಾಳಾ?”